ಅವಳ ಕೆಂಪು ಬೊಟ್ಟು, ನನ್ನ ಖಾಲಿ ಬಳೆ

ನನ್ನ ಗೆಳತಿಯ ಪ್ರೋಗ್ರಾಮ್ ನಿಂತಿತು, ನನ್ನದು ನಿಲ್ಲಲಿಲ್ಲ. ಆ ವಾರದ ನನ್ನ ಸಂಕಟವೆಲ್ಲ ಇಷ್ಟೇ. ಆದರೆ ನಿಲ್ಲುವುದು ಗೆಲುವು ಹೇಗಾಗುತ್ತದೆ, ಓಡುವುದು ಸೋಲು ಹೇಗಾಗುತ್ತದೆ ಎಂದು ಮೊದಲು ಹೇಳದಿದ್ದರೆ ಯಾರಿಗೂ ನನ್ನ ಮೇಲೆ ಮರುಕ ಹುಟ್ಟಲಿಕ್ಕಿಲ್ಲ.

ನಾವಿಬ್ಬರೂ ಗಂಗಾವತಿಯವರು. ಅವಳ ತಂದೆಗೆ ಬಟ್ಟೆ ಅಂಗಡಿ, ನನ್ನ ತಂದೆಗೆ ಅಕ್ಕಿ ಗಿರಣಿ. ಇಬ್ಬರನ್ನೂ ಒಂದೇ ವರ್ಷ, ಒಂದೇ ಬಣ್ಣದ ಟ್ರಂಕು ಕೊಟ್ಟು, ದೂರದ ಊರಿನ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು. ಅಲ್ಲಿ ಅವಳು ಫಸ್ಟ್, ನಾನು ಸೆಕೆಂಡ್. ಅರಿಥ್‌ಮೆಟಿಕ್‌ನಲ್ಲಿ ಅವಳು, ನೀಡಲ್‌ವರ್ಕ್‌ನಲ್ಲಿ ಅವಳು, ಸಿಸ್ಟರ್ ಕಲಿಸುತ್ತಿದ್ದ ಮಾರಲ್ ಸೈನ್ಸ್‌ನಲ್ಲೂ ನಮಾಜು ಮಾಡುವ ಅವಳೇ. ಎಲೊಕ್ಯೂಷನ್ ಒಂದು ನನ್ನದಾಗಿತ್ತು. ಸ್ಟೇಜಿನ ಮೇಲೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಹಾಲ್‌ನ ಕೊನೆಯ ಬೆಂಚಿಗೂ ಕೇಳುವ ಹಾಗೆ ಮಾತನಾಡುವುದು. ಶಾಲೆ ಮುಗಿದ ಮೇಲೆ ನಾನು ಇನ್ನೊಂದು ಗಿರಣಿಯವರ ಮನೆಗೆ ಸೊಸೆಯಾಗಿ ಹೋದೆ. ಆ ಸ್ಟೇಜು ಮತ್ತೆ ಸಿಗಲಿಲ್ಲ. ಅವಳು ತನ್ನ ಮನೆಯ ಪಡಸಾಲೆಯಲ್ಲಿ ಕಸೂತಿ ಕ್ಲಾಸ್ ತೆರೆದಳು. ಅರ್ಧ ಊರಿನ ಹುಡುಗಿಯರು ಅವಳನ್ನು ಇವತ್ತಿಗೂ ಬಜಾರಿನಲ್ಲಿ ಕಂಡರೆ "ಟೀಚರ್" ಎಂದು ನಿಲ್ಲುತ್ತಾರೆ. ಪಕ್ಕದಲ್ಲಿ ನಾನು ಕೊತ್ತಂಬರಿ ಹಿಡಿದುಕೊಂಡು ನಿಂತಿರುತ್ತೇನೆ.

ಕಾನ್ವೆಂಟಿನಲ್ಲಿ ಪ್ರತಿ ಪುಟದ ನೆತ್ತಿಯ ಮೇಲೆ ಜೆ.ಎಂ.ಜೆ. ಎಂದು ಬರೆಯಬೇಕಿತ್ತು. ಜೀಸಸ್, ಮೇರಿ, ಜೋಸೆಫ್. ಬರೆಯದಿದ್ದರೆ ಸಿಸ್ಟರ್ ಪುಟ ಹರಿಯುತ್ತಿದ್ದರು. ನಾವು ಬರೆದು, ಅದರ ಕೆಳಗೆ ಪೆನ್ಸಿಲ್ಲಿನಿಂದ ಸಾಸಿವೆಯಷ್ಟು ಸಣ್ಣದಾಗಿ ನಮ್ಮ ನಮ್ಮದನ್ನೂ ಸೇರಿಸುತ್ತಿದ್ದೆವು. ನಾನು ಶ್ರೀ. ಅವಳು 786, ಬಿಸ್ಮಿಲ್ಲಾದ ಬದಲು ಅವರ ಮನೆಯಲ್ಲಿ ಬರೆಯುವ ಅಂಕಿ. ಆ ಅಭ್ಯಾಸ ಇಬ್ಬರನ್ನೂ ಬಿಟ್ಟಿಲ್ಲ. ನಾನು ಕಿರಾಣಿ ಚೀಟಿಯ ಮೇಲೂ ಶ್ರೀ ಬರೆಯುತ್ತೇನೆ, ಆಮೇಲೆ ತೊಗರಿಬೇಳೆ.

ಈಗ ಗೆಳತಿಯ ಮನೆಯ ಮಹಡಿಯಲ್ಲಿ ಬಾಡಿಗೆಗೆ ಬಂದ ಹುಡುಗಿಯ ವಿಷಯ. ಕುಷ್ಟಗಿಯ ಕಡೆಯವಳು, ಕೊಪ್ಪಳದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಂಪ್ಯೂಟರ್ ಗೆಸ್ಟ್ ಲೆಕ್ಚರರ್, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ನಾವು ಅವಳನ್ನು ಮಿಸ್ ಎನ್ನುತ್ತೇವೆ, ಅವಳು ನಮ್ಮನ್ನು ಅಮ್ಮಾರ ಎನ್ನುತ್ತಾಳೆ. ಒಂದು ಸಂಜೆ ನಾವು ಚಹಾ ಕುಡಿಯುತ್ತಿದ್ದಾಗ ಅವಳು ಮೆಟ್ಟಿಲ ಮೇಲೆ ಧೊಪ್ಪನೆ ಕೂತು ಗೋಳು ತೋಡಿಕೊಂಡಳು.

"ಲ್ಯಾಬಿನ್ಯಾಗ ಎಲ್ಲಾ ಮೊದ್ಲ ಸೆಟ್ ಮಾಡಿಟ್ಟಿರ್ತೈತಿ ಅಮ್ಮಾರ. ಹುಡುಗ್ಯಾರು ಬರ್ತಾರ, ಬಟನ್ ಒತ್ತತಾರ, ಹೊಕ್ಕಾರ. ಅದ ಮನ್ಯಾಗ ತಮ್ಮ ಲ್ಯಾಪ್‌ಟಾಪಿನ್ಯಾಗ ಮಾಡ್ರಿ ಅಂದ್ರ, ನಮಗ ಆಗಂಗಿಲ್ಲ ಮಿಸ್ ಅಂತ ಅಳ್ತಾರ. ಕಂಪೈಲರ್ ಅಂದ್ರ ಹುಲಿ ಅನ್ನೂಹಂಗ ಮಾಡ್ತಾರ."

"ನಮಗ ಕಲಿಸು, ಆಗ್ತೈತೋ ಇಲ್ಲೋ ನೋಡೂಣು," ಎಂದಳು ನನ್ನ ಗೆಳತಿ. ಯಾವ ಹೊಸದಕ್ಕೂ ಮೊದಲು ಕೈ ಎತ್ತುವುದು ಅವಳ ಚಾಳಿ. ಎರಡನೆಯದಾಗಿ ಎತ್ತುವುದು ನನ್ನ ಹಣೆಬರಹ.

ಹಾಗೆ ಶುರುವಾಯಿತು. ನಮ್ಮ ಗಿರಣಿ ಆಫೀಸಿನ ಹಳೆಯ ಲ್ಯಾಪ್‌ಟಾಪ್ ನನ್ನದು. ಅವರ ಅಂಗಡಿಯ ಅದಕ್ಕಿಂತ ಹಳೆಯದು ಅವಳದು. ದಿನಾ ಇಳಿಹೊತ್ತಿಗೆ ಅವಳ ಪಡಸಾಲೆಯಲ್ಲಿ, ಕಸೂತಿಯ ಉದ್ದನೆಯ ಮೇಜಿನ ಮೇಲೆ. ಮಿಸ್ ಹೇಳಿದ್ದು ನನಗೆ ತಿಳಿದ ಹಾಗೆ ಹೇಳುತ್ತೇನೆ. ನಾವು ಬರೆಯುವುದು ಮನುಷ್ಯರು ಓದಬಹುದಾದ ಭಾಷೆ. ಮಷಿನ್ನಿಗೆ ಅದು ಅರ್ಥವಾಗದು. ಭತ್ತ ಹಾಕಿದರೆ ಅಕ್ಕಿ ಕೊಡುವ ಗಿರಣಿಯ ಹಾಗೆ, ನಮ್ಮ ಬರಹವನ್ನು ಮಷಿನ್ನಿನ ಭಾಷೆ ಮಾಡಿಕೊಡುವುದು ಕಂಪೈಲರ್. ಆ ಅಕ್ಕಿಯಲ್ಲಿ ಕಲ್ಲು ಬಂದರೆ ಎಲ್ಲಿಂದ ಬಂತೆಂದು ಹುಡುಕಲು ಗಿರಣಿಯನ್ನೇ ನಡುವೆ ನಿಲ್ಲಿಸಿ ಒಳಗೆ ಇಣುಕಿ ನೋಡುವುದು ಡಿಬಗ್ಗರ್. ನಾವು ಬರೆಯುವ ಎಡಿಟರಿಗೆ ಇವೆರಡೂ ಎಲ್ಲಿವೆ ಎಂಬ ವಿಳಾಸ ಕೊಡಬೇಕು. ವಿಳಾಸದಲ್ಲಿ ಒಂದು ಗೀಟು ತಪ್ಪಿದರೂ, ಪೋಸ್ಟ್‌ಮ್ಯಾನ್ ಆದರೆ ಪಕ್ಕದ ಮನೆಯಲ್ಲಿ ವಿಚಾರಿಸಿಯಾನು, ಇದು ವಿಚಾರಿಸುವುದಿಲ್ಲ.

ನಿಲ್ಲಿಸಬೇಕಾದ ಸಾಲಿನ ಪಕ್ಕ ಬೆರಳಿನಿಂದ ಒತ್ತಿದರೆ ಒಂದು ಕೆಂಪು ಬೊಟ್ಟು ಮೂಡುತ್ತದೆ. ಪ್ರೋಗ್ರಾಮ್ ಓಡುತ್ತ ಬಂದು ಆ ಬೊಟ್ಟಿನ ಹತ್ತಿರ ಗಕ್ಕನೆ ನಿಲ್ಲಬೇಕು. ನಿಂತರೆ ಎಲ್ಲ ಸೆಟ್ಟಿಂಗ್ ಸರಿ ಎಂದರ್ಥ. ಅದಕ್ಕೇ ಹೇಳಿದ್ದು, ನಿಲ್ಲುವುದು ಗೆಲುವು.

ಮಿಸ್ ಒಂದು ದಿನ ಬಸ್ಸಿನಿಂದ ಇಳಿದವಳೇ ನೇರ ನಮ್ಮ ಮೇಜಿನ ಹತ್ತಿರ ಬಂದಳು. "ಅಮ್ಮಾರ, ಪ್ರಿನ್ಸಿಪಾಲ್ ಹೂಂ ಅಂದ್ರು. ಸೋಮವಾರ ಹುಡುಗ್ಯಾರೆಲ್ಲ ತಮ್ಮ ತಮ್ಮ ಲ್ಯಾಪ್‌ಟಾಪ್ ತರ್ತಾರ. ಮೊದ್ಲಿಂದ ಕೊನೀತನ ಸೆಟ್ ಮಾಡೂದನ್ನ ಸ್ಕ್ರೀನ್ ಮ್ಯಾಲ ಒಬ್ಬ ಅಜ್ಜಿ ಮಾಡಿ ತೋರಸಬೇಕು. ಅಜ್ಜೀನ ಮಾಡ್ಯಾಳ, ನಿಮಗೇನಾಗೇತಿ ಅಂತ ನಾ ಕೇಳಾಕ ಬರ್ತೈತಿ. ನಿಮ್ಮಿಬ್ಬರಾಗ ಒಬ್ರು ಬರ್ರಿ."

"ಇಬ್ಬರೂ ಬರ್ತೀವಿ," ಎಂದಳು ಗೆಳತಿ.

"ಬರ್ರಿ, ಬ್ಯಾಡ ಅಂದಿಲ್ಲ. ಆದ್ರ ಪ್ರೊಜೆಕ್ಟರ್ ಒಂದ ಐತಿ. ಯಾರದು ಮೊದ್ಲ ಬೊಟ್ಟಿಗೆ ನಿಲ್ತೈತೋ ಅವರು ಸ್ಟೇಜಿಗೆ."

ಸ್ಟೇಜು! ಆ ಶಬ್ದ ಕೇಳಿದ್ದೇ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ನನಗೆ ಅದು ಬೇಕು ಅನ್ನಿಸಿತು. ಮಗುವಿಗೆ ಬೊಂಬೆ ಬೇಕು ಅನ್ನಿಸುವ ಹಾಗೆ, ನಾಚಿಕೆಯಿಲ್ಲದೆ. ಅವಳಿಗೆ ಏನು ಕಡಿಮೆ? ಜೀವನವೆಲ್ಲ ಹುಡುಗಿಯರ ಮುಂದೆ ನಿಂತವಳು. ಇದೊಂದನ್ನು ನನಗೆ ಬಿಡಬಹುದಿತ್ತು. ಬಿಡಲಿಲ್ಲ.

ಇಬ್ಬರೂ ಒಂದೇ ಮೇಜಿನ ಎರಡು ತುದಿಗೆ ಕೂತು ಶುರು ಮಾಡಿದೆವು. ಮಿಸ್ ಹೇಳಿದ್ದು ಒಂದೇ ಪಾಠ. ಕಂಪೈಲರ್ ಇಳಿಸಿಕೊಂಡೆವು, ಬಿಚ್ಚಿದೆವು, ಪಾತ್ ಎಂಬ ಅದರ ವಿಳಾಸ ಸೇರಿಸಿದೆವು. "ಈಗ ಒಂದು ಹೊಸ ಫೋಲ್ಡರ್ ಮಾಡ್ರಿ, ನಿಮಗ ಬೇಕಾದ ಹೆಸರಿಡ್ರಿ," ಎಂದಳು ಮಿಸ್. ಮಾಡಿದೆವು. ಅದರೊಳಗೆ ಎರಡು ಸಂಖ್ಯೆ ಕೂಡಿಸುವ ಪುಟ್ಟ ಪ್ರೋಗ್ರಾಮ್ ಬರೆದೆವು. ಬೊಟ್ಟು ಇಟ್ಟೆವು. ಒತ್ತಿದೆವು.

ಅವಳದು ನಿಂತಿತು. ಕೆಂಪು ಬೊಟ್ಟಿನ ಮೇಲೆ ಒಂದು ಹಳದಿ ಬಾಣ ಬಂದು ಕೂತಿತು, ಹಣೆಗೆ ಕುಂಕುಮದ ಮೇಲೆ ಅರಿಶಿನ ಇಟ್ಟ ಹಾಗೆ.

ನನ್ನ ಬೊಟ್ಟು ಒತ್ತಿದ ಕೂಡಲೇ ಬಣ್ಣ ಕಳೆದುಕೊಂಡಿತು. ಕೆಂಪು ಹೋಗಿ, ಒಳಗೆ ಏನೂ ಇಲ್ಲದ ಬೂದು ಬಣ್ಣದ ಬಳೆಯಾಯಿತು. ಪ್ರೋಗ್ರಾಮ್ ಎಲ್ಲೂ ನಿಲ್ಲದೆ ಕೊನೆಯವರೆಗೆ ಓಡಿ, ಉತ್ತರ ಹೇಳಿ, ಮುಗಿಯಿತು. ಉತ್ತರ ಸರಿಯಾಗಿಯೇ ಇತ್ತು. ಯಾರಿಗೆ ಬೇಕಾಗಿತ್ತು ಉತ್ತರ?

"ಅರೆ, ನಿಂತ್ತು ನೋಡು!" ಅವಳು ಚಪ್ಪಾಳೆ ತಟ್ಟಿದಳು. ಆಮೇಲೆ ನನ್ನ ಕಡೆ ಬಾಗಿ, "ನಿಂದ್ಯಾಕ ಖಾಲಿ ಬಳಿ ಆಗೇತಿ ಮೇಮ್‌ಸಾಬ್?" ಎಂದಳು. ಬೋರ್ಡಿಂಗಿನ ದಿನದಿಂದ ಅವಳು ನನ್ನನ್ನು ಮೇಮ್‌ಸಾಬ್ ಅನ್ನುತ್ತಾಳೆ, ನಾನು ಅವಳನ್ನು ಬೇಗಂ ಅನ್ನುತ್ತೇನೆ.

"ನಿನಗ್ಯಾಕ ಬೇಗಂ? ನಿಂದು ನಿಂತೈತಲ್ಲ, ನೋಡ್ಕೋ."

"ಓಹೋಹೋ. ಯಾಂವ ಮೆಣಸಿನಕಾಯಿ ಇಟ್ಟ ಮೂಗಿನ್ಯಾಗ?"

ಮಿಸ್ ನನ್ನ ಕಂಪೈಲರನ್ನು ತೆಗೆದು ಮತ್ತೆ ಹಾಕಿದಳು. ಬಳೆ. ಎಡಿಟರನ್ನು ತೆಗೆದು ಮತ್ತೆ ಹಾಕಿದಳು. ಬಳೆ. "ಕಾಲೇಜಿನ್ಯಾಗ ಹಿಂಗ ಎಂದೂ ಆಗಿಲ್ಲರೀ," ಎಂದು ತಲೆ ಕೆರೆದುಕೊಂಡಳು. ಕೊನೆಗೆ ನನ್ನ ಭುಜ ತಟ್ಟಿ, "ಮಷಿನ್ ಹಳೇದ ಅಮ್ಮಾರ," ಎಂದಳು. ಗೆಳತಿಯದು ನನ್ನದಕ್ಕಿಂತ ಹಳೆಯದು! ಹಾಗೆನ್ನಲು ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ. ಸ್ಟೇಜು ಬೇಗಂಗೆ ಎಂದು ತೀರ್ಮಾನವಾಯಿತು. ಮಿಸ್ ಶನಿವಾರ ಬೆಳಿಗ್ಗೆ ಕುಷ್ಟಗಿಗೆ ಹೋದಳು.

ಶನಿವಾರ ಇಳಿಹೊತ್ತು ಎಂದಿನಂತೆ ನಾನು ಅಲ್ಲಿಗೆ ಹೋದೆ. ಹೋಗಬಾರದೆಂದು ಬೆಳಗಿನಿಂದ ಅಂದುಕೊಂಡವಳು ಚಹಾದ ಹೊತ್ತಿಗೆ ಚಪ್ಪಲಿ ಮೆಟ್ಟಿದ್ದೆ. ಹೊರಗೆ ಅಂಜನಾದ್ರಿಗೆ ಹೋಗುವವರ ಜೀಪುಗಳು ಹನುಮನಹಳ್ಳಿಯ ದಿಕ್ಕಿಗೆ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು. ಬೇಗಂ ಸೋಮವಾರಕ್ಕೆ ಯಾವ ಸೀರೆ ಎಂದು ನನ್ನನ್ನೇ ಕೇಳಿದಳು! ತಿಳಿ ಗುಲಾಬಿ ನಿನಗೆ ಚೆನ್ನಾಗಿ ಕಾಣುತ್ತದೆ ಎಂದೆ. ಅದು ಅವಳಿಗೆ ಚೆನ್ನಾಗಿ ಕಾಣುತ್ತದೆ, ಅದೂ ಒಂದು ಸಂಕಟ.

ಅಸರ್ ನಮಾಜಿಗೆ ಅವಳು ಒಳಗೆ ಹೋದಳು. ಲ್ಯಾಪ್‌ಟಾಪ್ ತೆರೆದೇ ಇತ್ತು. ನಾನು ನನ್ನದನ್ನು ಎತ್ತಿಕೊಂಡು ಅವಳ ಕುರ್ಚಿಯ ಪಕ್ಕ ಕೂತೆ.

ಹೊಟ್ಟೆಕಿಚ್ಚಿನ ಕಣ್ಣು ಎಷ್ಟು ಚುರುಕು ಎಂದು ಆವತ್ತು ತಿಳಿಯಿತು. ಅವಳಿಗೆ ಇದ್ದು ನನಗೆ ಇಲ್ಲದ್ದು ಏನು? ಈ ಒಂದು ಪ್ರಶ್ನೆಯನ್ನು ಬಾಲ್ಯದಿಂದ ಕೇಳಿಕೊಂಡು ಬಂದಿದ್ದೇನೆ. ಅವಳ ಜಡೆಯ ಉದ್ದ, ಅಕ್ಷರದ ದುಂಡು, ಟಿಫಿನ್ ಡಬ್ಬಿಯ ಖೀಮಾದ ವಾಸನೆ ಎಲ್ಲವನ್ನೂ ಅಳೆದಿದ್ದೇನೆ. ಈಗ ಸ್ಕ್ರೀನಿಗೆ ಸ್ಕ್ರೀನು ಹಚ್ಚಿ ಅಳೆದೆ. ಕಂಪೈಲರಿನ ವಿಳಾಸ, ಎರಡೂ ಒಂದೇ. ಡಿಬಗ್ಗರಿನ ವಿಳಾಸ, ಒಂದೇ. ಡಿಬಗ್ಗರಿಗೆ ಗುರುತು ಉಳಿಸು ಎಂದು ಕಂಪೈಲರಿಗೆ ಹೇಳುವ ಮೈನಸ್ ಜಿ ಎಂಬ ಪುಟ್ಟ ಅಪ್ಪಣೆ, ಅವಳಲ್ಲೂ ಇದೆ, ನನ್ನಲ್ಲೂ ಇದೆ. ಗೀಟು, ಚುಕ್ಕೆ, ಉದ್ಧರಣೆ ಚಿಹ್ನೆ ಎಲ್ಲ ಒಂದೇ. ಬೆರಳಿಟ್ಟು ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಬಂದೆ. ನೆತ್ತಿಯಲ್ಲಿ, ಫೋಲ್ಡರಿನ ಹೆಸರಿನಲ್ಲಿ, ಬೆರಳು ನಿಂತಿತು.

ಅವಳದು 786. ನನ್ನದು ಶ್ರೀ.

ಹೊಸ ಕೆಲಸ ಅಂದ ಮೇಲೆ ಇಬ್ಬರ ಕೈಯೂ ಕೇಳದೆ ಬರೆದಿತ್ತು. ನಾನು ತಡಮಾಡದೆ ನನ್ನ ಮಷಿನ್ನಿನಲ್ಲಿ ಒಂದು ಹೊಸ ಫೋಲ್ಡರ್ ತೆರೆದು, ಒಳಮನೆಯ ಬಾಗಿಲಿನ ಕಡೆ ಒಮ್ಮೆ ನೋಡಿ, 786 ಎಂದು ಹೆಸರಿಟ್ಟೆ. ಪ್ರೋಗ್ರಾಮನ್ನು ಅದರೊಳಗೆ ಹಾಕಿ ಒತ್ತಿದೆ. ಬೊಟ್ಟು ಕೆಂಪಾಗಿಯೇ ಉಳಿಯಿತು. ಹಳದಿ ಬಾಣ ಬಂದು ಕೂತಿತು. ನಿಂತಿತು.

ಸಂತೋಷವಾಗಲಿಲ್ಲ. ಸಿಸ್ಟರಿಗೂ ಅವಳೇ ಮುದ್ದು, ಬಜಾರಿಗೂ ಅವಳೇ ಟೀಚರ್. ಈಗ ಮಷಿನ್ನೂ ಅವಳ ಪಕ್ಷ ಹಿಡಿಯಬೇಕೇ? ನನ್ನ ಶ್ರೀ ಏನು ಪಾಪ ಮಾಡಿತ್ತು?

ಆದರೆ ಗಿರಣಿಯವರ ಮನೆಯ ಬುದ್ಧಿ, ಒಂದು ಮುಷ್ಟಿ ನೋಡಿ ಇಡೀ ಚೀಲ ಕೊಳ್ಳುವುದಿಲ್ಲ. ಮತ್ತೊಂದು ಫೋಲ್ಡರಿಗೆ ಜೆ.ಎಂ.ಜೆ. ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟೆ. ನಿಂತಿತು. ರೈಸ್ ಎಂದು ಇಂಗ್ಲಿಷಿನಲ್ಲಿ ಇಟ್ಟೆ. ನಿಂತಿತು. ಅಕ್ಕಿ ಎಂದು ಕನ್ನಡದಲ್ಲಿ ಇಟ್ಟೆ. ಖಾಲಿ ಬಳೆ. ಹಾಗಾದರೆ ದೇವರ ಮಾತೇ ಅಲ್ಲ ಇದು. ಈ ನಮ್ಮ ಡಿಬಗ್ಗರಿಗೆ ವಿಳಾಸದಲ್ಲಿ ಕನ್ನಡ ಅಕ್ಷರ ಕಂಡರೆ ದಾರಿ ತಪ್ಪುತ್ತದೆ, ಅಷ್ಟೇ. ನನಗೆ ನಗು ಬಂತು. ನಮ್ಮ ಬೋರ್ಡಿಂಗಿನಲ್ಲಿ ಕಾರಿಡಾರಿನಲ್ಲಿ ಕನ್ನಡ ಮಾತಾಡಿದರೆ ಕೊರಳಿಗೆ ಹಲಗೆ ಕಟ್ಟಿ ನಿಲ್ಲಿಸುತ್ತಿದ್ದರು. ಪಾಪ, ಇದೂ ಕಾನ್ವೆಂಟಿನಲ್ಲೇ ಓದಿರಬೇಕು.

ಅವಳು ದುಪಟ್ಟಾ ಸರಿಮಾಡಿಕೊಳ್ಳುತ್ತ ಹೊರಗೆ ಬಂದಾಗ ನನ್ನ ಸ್ಕ್ರೀನಿನಲ್ಲಿ ಕೆಂಪು ಬೊಟ್ಟಿತ್ತು.

"ನಿಂತ್ತಾ? ಹೆಂಗ ನಿಂತ್ತು?"

"ನಿಂತ್ತು. ಅಷ್ಟ."

"ಹೇಳಂಗಿಲ್ಲ?"

"ನೀ ಸೀರಿ ನೋಡ್ಕೋ ಹೋಗು."

ಹೇಳಲಿಲ್ಲ. ನನ್ನಲ್ಲಿ ಇದ್ದು ಅವಳಲ್ಲಿ ಇಲ್ಲದ್ದು ಜೀವನದಲ್ಲಿ ಒಂದೇ ಸಿಕ್ಕಿತ್ತು. ಎರಡು ದಿನವಾದರೂ ಸೆರಗಿನ ಗಂಟಿನಲ್ಲಿ ಇಟ್ಟುಕೊಳ್ಳೋಣ ಎನ್ನಿಸಿತು.

ಸೋಮವಾರ ಮಿಸ್ ಜೊತೆ ಕೊಪ್ಪಳದ ಬಸ್ಸು ಹಿಡಿದೆವು. ಮರಳಿ ಎಂಬ ಊರು ದಾಟುವವರೆಗೆ ಎರಡೂ ಕಡೆ ನಾಟಿ ಮಾಡಿದ ಗದ್ದೆ, ಕೊಕ್ಕರೆ. ಆಮೇಲೆ ನೀರು ಹಿಂದೆ ಉಳಿದು ಕಲ್ಲುಗುಡ್ಡ ಶುರು. ಬೇಗಂ ತಿಳಿ ಗುಲಾಬಿ ಉಟ್ಟಿದ್ದಳು. ದಾರಿಯುದ್ದಕ್ಕೂ ಬಾಯೊಳಗೇ ಪಾಠ ಒಪ್ಪಿಸುತ್ತಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ.

ಲ್ಯಾಬಿನಲ್ಲಿ ನನಗೆ ಕೊನೆಯ ಬೆಂಚು. ಅಲ್ಲಿ ಕೂತರೆ ಮುಂದಿನ ಹುಡುಗಿಯರ ಜಡೆಗಳು, ಮುಡಿದ ಅಬ್ಬಲಿಗೆ, ಒಂದೆರಡು ಹಿಜಾಬುಗಳು, ಅವುಗಳ ಆಚೆ ಬೆಳಕಿನಲ್ಲಿ ಅವಳು. ಚೆನ್ನಾಗಿ ಮಾಡಿದಳು, ಸುಳ್ಳು ಯಾಕೆ ಹೇಳಲಿ. ಸೂಜಿಗೆ ದಾರ ಪೋಣಿಸುವವಳ ಹಾಗೆ ಒಂದೊಂದೇ ಹೆಜ್ಜೆ. "ಇಲ್ಲೆ ವಿಳಾಸ ಬರೀರಿ. ಗಾಬರಿ ಆಗಬ್ಯಾಡ್ರಿ. ಮಷಿನ್ ಕಚ್ಚಂಗಿಲ್ಲ, ಕಚ್ಚಿದ್ರ ನನಗ ಹೇಳ್ರಿ, ನಾ ಅದಕ್ಕ ಕಚ್ತೀನಿ." ಹುಡುಗಿಯರು ನಕ್ಕರು. ನಾನಾಗಿದ್ದರೆ ದನಿ ಇನ್ನಷ್ಟು ಎತ್ತುತ್ತಿದ್ದೆ. ನಾನಾಗಿದ್ದರೆ ಮಾತು ತಡೆದು ಅಲ್ಲೊಂದು ಪಾಜ್ ಕೊಡುತ್ತಿದ್ದೆ. ದೊಡ್ಡ ಪರದೆಯ ಮೇಲೆ ಅವಳ ಕೆಂಪು ಬೊಟ್ಟಿನ ಹತ್ತಿರ ಪ್ರೋಗ್ರಾಮ್ ಗಕ್ಕನೆ ನಿಂತಿತು. ಚಪ್ಪಾಳೆ.

"ಈಗ ನೀವು ಮಾಡ್ರಿ," ಎಂದಳು ಮಿಸ್.

ಸ್ವಲ್ಪ ಹೊತ್ತಿಗೆ ಬೇವೂರಿನಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ನನ್ನ ಕೆಂಪು ಬೊಟ್ಟು ಹೋತ್ರೀ." ಅವಳ ಹಿಂದೆ ಇನ್ನೊಬ್ಬಳು. "ನಂದೂ ಖಾಲಿ ಆತ್ರೀ." ಮೂರನೆಯವಳು ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ನಮಗ ಆಗಂಗಿಲ್ಲ ಅಂತ ನಾ ಮೊದ್ಲ ಹೇಳಿದ್ದೆ." ಮಿಸ್ ಮುಖ ಬಿಳಿಚಿತು. ಬೇಗಂ ಬೇವೂರಿನವಳ ಸ್ಕ್ರೀನಿಗೆ ಕನ್ನಡಕ ಹಚ್ಚಿ ನೋಡಿದಳು, ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು. ಅವಳಿಗೆ ಏನು ಗೊತ್ತು? ಅವಳದು ಒಂದು ಸಲವೂ ಕೆಟ್ಟಿರಲಿಲ್ಲ.

ಆಮೇಲೆ ಅವಳು ತಲೆ ಎತ್ತಿ, ಇಡೀ ಲ್ಯಾಬಿಗೆ ಕೇಳುವ ಹಾಗೆ ಕೂಗಿದಳು. "ಮೇಮ್‌ಸಾಬ್! ಎದ್ದು ಬಾ ಇಲ್ಲಿ. ಇದು ನಿನ್ನ ಬ್ಯಾನಿ!"

ನಾನು ಎದ್ದೆ. ಬೆಂಚುಗಳ ನಡುವಿನ ದಾರಿ ಬಹಳ ಉದ್ದವಾಗಿತ್ತು, ಅಥವಾ ನಾನೇ ನಿಧಾನವಾಗಿ ನಡೆದೆನೋ. ಮುಂದೆ ಹೋಗಿ ತಿರುಗಿ ನಿಂತಾಗ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಬಾಯಿಂದ ಬಂದದ್ದು, "ಗುಡ್ ಮಾರ್ನಿಂಗ್, ಗರ್ಲ್ಸ್."

ಸರ್ರನೆ ಬೆಂಚು ಸರಿದ ಸದ್ದು. ಎಲ್ಲ ಎದ್ದು ನಿಂತು ಒಂದೇ ರಾಗದಲ್ಲಿ, "ಗುಡ್ ಮಾರ್ನಿಂಗ್, ಮಿಸ್."

ಒಂದು ಪಾಜ್ ಕೊಟ್ಟೆ. ಸಾಕಷ್ಟು ದೊಡ್ಡದೇ.

"ಯಾರ್ಯಾರದು ಖಾಲಿ ಬಳಿ ಆಗೇತಿ, ಫೋಲ್ಡರಿಗೆ ಏನು ಹೆಸರಿಟ್ಟೀರಿ ಹೇಳ್ರಿ."

ಬೇವೂರಿನವಳು ತಲೆ ತಗ್ಗಿಸಿ, "ಶ್ರೀ ಮಾರುತೇಶ್ವರ ಪ್ರಸನ್ನ," ಎಂದಳು. ಇನ್ನೊಬ್ಬಳು ಶ್ರೀ ಗುರು. ಹಿಜಾಬಿನ ಹುಡುಗಿಯೊಬ್ಬಳು ಕನ್ನಡದಲ್ಲಿ ಅಮ್ಮಿ ಎಂದು ಇಟ್ಟಿದ್ದಳು. ಒಬ್ಬಳು ತನ್ನದೇ ಹೆಸರನ್ನು ಕನ್ನಡದಲ್ಲಿ, ಎರಡೂ ಕಡೆ ಗೀಟು ಎಳೆದು, ಲಗ್ನಪತ್ರಿಕೆಯ ಹಾಗೆ. ನಾನು ಕಾರಣ ಹೇಳಿದೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೋ ಅಂಕಿಯಲ್ಲೋ ಬದಲಿಸಿ ಎಂದೆ. ಒಂದೊಂದಾಗಿ ಬೊಟ್ಟುಗಳು ಕೆಂಪಾದವು. "ನಿಂತ್ತು! ನಿಂತ್ತು!" ಎಂಬ ಕೂಗು ಎಲ್ಲ ಮೂಲೆಯಿಂದ.

ಬೇವೂರಿನವಳು ಮಾತ್ರ ಬೆರಳು ಎತ್ತಿ ಹಿಡಿದು ಕೂತಿದ್ದಳು. "ದೇವರ ಹೆಸರು ಹೆಂಗ ಅಳಸೂದ್ರೀ ಅಜ್ಜೀ? ಪರೀಕ್ಷಾದಾಗ ಏನರ ಆದ್ರ?"

ಅವಳ ಸಂಕಟ ನನಗೆ ಗೊತ್ತಿದ್ದದ್ದೇ. "ಅಳಸಬ್ಯಾಡವ್ವಾ, ಜಾಗಾ ಬದಲ ಮಾಡು," ಎಂದೆ. ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಎರಡು ಓರೆ ಗೀಟು ಹಾಕಿದರೆ ಅದರ ಮುಂದೆ ಬರೆದದ್ದನ್ನು ಕಂಪೈಲರ್ ಓದದೆ ದಾಟಿ ಹೋಗುತ್ತದೆ. ಅಲ್ಲಿ ಕನ್ನಡಕ್ಕೆ ಕೊರಳ ಹಲಗೆ ಇಲ್ಲ. ಅವಳು ಎರಡು ಗೀಟಿನ ಮುಂದೆ ಇಡೀ ಪ್ರಸನ್ನವನ್ನು ಬರೆದು, ಕಣ್ಣಿಗೆ ಒತ್ತಿಕೊಂಡು, ರನ್ ಮಾಡಿದಳು. ನಿಂತಿತು.

ಆಮೇಲೆ ನನ್ನನ್ನು ಬಿಡಲೇ ಇಲ್ಲ. ಇಲ್ಲಿ ಬರ್ರಿ ಅಜ್ಜೀ, ನಂದು ನೋಡ್ರಿ ಅಜ್ಜೀ. ಒಬ್ಬೊಬ್ಬಳದು ಒಂದೊಂದು ತೊಂದರೆ. ಕೆಲವು ನನಗೆ ಗೊತ್ತಿದ್ದವು, ಮೊದಲ ವಾರ ನಾನೂ ಮಾಡಿದ್ದ ತಪ್ಪುಗಳು. ಗೊತ್ತಿಲ್ಲದ್ದನ್ನು ಮಿಸ್‌ಗೆ ದಾಟಿಸಿದೆ. ನಡುವೆ ಒಮ್ಮೆ ತಿರುಗಿ ನೋಡಿದಾಗ ಪ್ರೊಜೆಕ್ಟರಿನ ಬೆಳಕಿನಲ್ಲಿ ತಿಳಿ ಗುಲಾಬಿ ಸೀರೆ ಒಂದೇ ಕೂತಿತ್ತು. ಅವಳ ಹತ್ತಿರ ಯಾರೂ ಇರಲಿಲ್ಲ.

ವಾಪಸು ಬಸ್ಸಿನಲ್ಲಿ ಮಿಸ್ ಮುಂದಿನ ಸೀಟಿನಲ್ಲಿ ನಿದ್ದೆ ಹೋದಳು. ಬೇಗಂ ಕಿಟಕಿಯ ಕಡೆ ಮುಖ ಮಾಡಿದ್ದಳು. ಹೋಗುವಾಗ ನಾನು ಕೂತ ಹಾಗೆಯೇ. ನಾನು ಕಡಲೆ ಪೊಟ್ಟಣ ಚಾಚಿದೆ, ಮುಟ್ಟಲಿಲ್ಲ.

"ಏನಾತು ಬೇಗಂ?"

"ಕುಛ್ ನೈ."

ಆಮೇಲೆ, ಕಿಟಕಿಗೇ ಹೇಳುವವಳ ಹಾಗೆ: "ನನ್ನ ಮಷಿನ್ ಒಮ್ಮೆನೂ ಕೆಡಲಿಲ್ಲ ನೋಡು. ಅದಕ್ಕ ಯಾರೂ ನನ್ನ ಏನೂ ಕೇಳಲಿಲ್ಲ."

ನಾನು ಅವಳ ಮುಖ ನೋಡಿದೆ. ಮೂಗಿನ ತುದಿ ಕೆಂಪಾಗಿತ್ತು, ಕೆಳತುಟಿ ಒಂದಿಷ್ಟು ಮುಂದೆ ಬಂದಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ದಿನಾ ನೋಡಿದ್ದೇನೆ. ಅವಳ ಮೇಲೆ ಮಾತ್ರ ಎಂದೂ ನೋಡಿರಲಿಲ್ಲ. ನನ್ನ ಎದೆಯಲ್ಲಿ ಎಂಥ ತಂಪು ಹರಿಯಿತು ಎಂದರೆ ಮರಳಿಯ ಗದ್ದೆಗಳಿಗೆ ಕಾಲುವೆ ಬಿಟ್ಟಾಗಲೂ ಅಷ್ಟು ಹರಿಯಲಿಕ್ಕಿಲ್ಲ. ಇಷ್ಟು ವರ್ಷ ನಾನು ಅವಳ ಮೇಲೆ ಸುರಿದದ್ದಕ್ಕೆ ಒಂದು ಹನಿ ವಾಪಸು ಬಂದಿತ್ತು.

"ಉರ್ದು ಅಕ್ಷರದಾಗ ಹೆಸರಿಟ್ರ ನಂದೂ ಕೆಡ್ತೈತೇನು?" ಎಂದು ಕೇಳಿದಳು.

"ಕೆಡಬೇಕು."

"ಮತ್ತ ಶನಿವಾರನ ಹೇಳಾಕ ಏನಾಗಿತ್ತ, ಕಮೀನಿ?" ಎಂದವಳೇ ಕಡಲೆ ಪೊಟ್ಟಣ ಕಸಿದುಕೊಂಡಳು.

ಮರುದಿನ ಇಳಿಹೊತ್ತಿಗೆ ನಾನು ಹೋಗುವಷ್ಟರಲ್ಲಿ ಅವಳು ಮೇಜಿನ ಮುಂದೆ ಮದುವಣಗಿತ್ತಿಯ ಹಾಗೆ ಕೂತಿದ್ದಳು. ಫೋಲ್ಡರಿಗೆ ಉರ್ದುವಿನಲ್ಲಿ ಬಿಸ್ಮಿಲ್ಲಾ ಪೂರ್ತಿ ಬರೆದಿದ್ದಳು. ಬೊಟ್ಟು ಬಣ್ಣ ಕಳೆದುಕೊಂಡು ಖಾಲಿ ಬಳೆಯಾಗಿತ್ತು. ಅಷ್ಟೇ ಅಲ್ಲ, ಕೆಳಗೆ ಕೆಂಪು ಅಕ್ಷರದ ಎರರ್ ಸಾಲು ಸಾಲಾಗಿ ಇಳಿದಿತ್ತು. "ಬಾ ನೋಡು ಮೇಮ್‌ಸಾಬ್," ಎಂದು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು, ಹೊಸ ಬಳೆ ತೋರಿಸುವವಳ ಹಾಗೆ.

ಬಗ್ಗಿ ಓದಿದೆ. ನನಗೆ ಇಂಥದ್ದು ಬಂದೇ ಇರಲಿಲ್ಲ. ನನ್ನದು ಬರೀ ಖಾಲಿ ಬಳೆ, ಮೂಕ. ಅವಳಿಗೆ ನೋಡಿ, ಎರರ್ ಕೂಡ ಎಷ್ಟು ಉದ್ದ, ಎಷ್ಟು ಭರ್ಜರಿ.

ನಾನು ನನ್ನ ಲ್ಯಾಪ್‌ಟಾಪ್ ತೆರೆದು, ಹೊಸ ಫೋಲ್ಡರ್ ಮಾಡಿ, ಅವಳದಕ್ಕಿಂತ ಉದ್ದನೆಯ ಹೆಸರು ಹುಡುಕತೊಡಗಿದೆ.